ಬೆಳೆಗೆ ರಂಜಕ

ರಂಜಕವೆಂಬ ಮಾತು ಕನ್ನಡಕ್ಕೆ ಹೊಸದಲ್ಲ. ಹಿಂದಿನ ಕಾಲದಲ್ಲಿ ತುಪಾಕಿಯ ಕಿವಿಗೆ ಹಾಕಿ ಬೆಂಕಿ ಮುಟ್ಟಿಸುತ್ತಿದ್ದ ಮದ್ದಿಗೆ ಆ ಹೆಸರಿದ್ದಿತು. ಪಾಶ್ಚಾತ್ಯ ರಸಾಯನಶಾಸ್ತ್ರವು ನಮ್ಮ ಶಾಲೆಗಳಿಗೆ ಬಂದಾಗ, ಗಾಳಿ ಸೋಕಿದ ಮಾತ್ರಕ್ಕೆ ಹೊತ್ತಿಕೊಳ್ಳತಕ್ಕ ಫಾಸ್ಫರಸ್ ಎಂಬ ಮೂಲವಸ್ತುವಿಗೆ ನಮ್ಮ ಪಾಠಪುಸ್ತಕಗಳು ಅದೇ ಹೆಸರನ್ನು ಕೊಟ್ಟವು. ಪಟ್ಟಣದಲ್ಲಿ ವಾಸಮಾಡುವವರಿಗೆ ರಂಜಕದ ಪರಿಚಯವು ಬೆಂಕಿಪೊಟ್ಟಣದ ಪಕ್ಕದಲ್ಲಿರುವ ಕಂದುಬಣ್ಣದ ಪಟ್ಟಿಗೇ ಮುಗಿಯುತ್ತದೆ. ಕಡ್ಡಿಯನ್ನು ಗೀಚುವಾಗ ಹೊತ್ತುವುದು ಆ ಪಟ್ಟಿಯಲ್ಲಿರುವ ಕೆಂಪು ರಂಜಕ. ರೈತನಿಗಾದರೋ ಅದು ಗೊಬ್ಬರದ ಚೀಲದ ಮೇಲೆ ಅಚ್ಚಾಗಿರುವ ಮೂರು ಅಂಕಿಗಳಲ್ಲಿ ಎರಡನೆಯದು. ಆ ಎರಡನೆಯ ಅಂಕಿಗೂ ಪಟ್ಟಣದವರು ಉಣ್ಣುವ ಅನ್ನಕ್ಕೂ ಇರುವ ಸಂಬಂಧವನ್ನು ಶ್ರೋತೃಗಳ ಮುಂದೆ ಇಡುವುದು ಈ ಭಾಷಣದ ಉದ್ದೇಶ.

ಈ ವಸ್ತುವನ್ನು ಮೊದಲು ಬೇರ್ಪಡಿಸಿದವನು ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬ ವ್ಯಾಪಾರಿ. ೧೬೬೯ರಲ್ಲಿ ಅವನು ಹುಡುಕುತ್ತಿದ್ದುದು ಬಂಗಾರವನ್ನು. ಮೂತ್ರದ ಹಳದಿ ಬಣ್ಣವನ್ನು ಕಂಡು ಅದರಲ್ಲಿ ಬಂಗಾರವಿರಬಹುದೆಂದು ಬಗೆದು, ಕೊಡಗಟ್ಟಲೆ ಮೂತ್ರವನ್ನು ಕೊಳೆಯಿಸಿ, ಕುದಿಸಿ, ಒಣಗಿದ ಗಸಿಯನ್ನು ಉರಿಯಲ್ಲಿ ಕಾಸಿದನು. ಬಂಗಾರ ಬರಲಿಲ್ಲ, ಕತ್ತಲೆಯಲ್ಲಿ ತಣ್ಣಗೆ ಬೆಳಗುವ ಮೇಣದಂತಹ ಪದಾರ್ಥವೊಂದು ಬಂದಿತು. ಇದಾದ ನೂರು ವರ್ಷಗಳ ಮೇಲೆ ಸ್ವೀಡನ್ನಿನ ಗಾನ್ ಮತ್ತು ಷೀಲೆ ಎಂಬುವರು ಎಲುಬಿನಲ್ಲಿಯೂ ಇದೇ ವಸ್ತುವಿದೆಯೆಂದು ತೋರಿಸಿಕೊಟ್ಟರು. ವಯಸ್ಕನ ದೇಹದಲ್ಲಿ ಸುಮಾರು ೭೦೦ ಗ್ರಾಂ ರಂಜಕವಿರುತ್ತದೆ; ಅದರಲ್ಲಿ ನೂರಕ್ಕೆ ೮೫ ಪಾಲು ಎಲುಬು ಹಲ್ಲುಗಳಲ್ಲಿದೆ. ಉಳಿದುದು ಪ್ರಮಾಣದಲ್ಲಿ ಅಲ್ಪವಾದರೂ ಕಾರ್ಯದಲ್ಲಿ ಅಲ್ಪವಲ್ಲ. ಜೀವಕೋಶಗಳು ಶಕ್ತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ರಂಜಕವು ಸೇರಿದ ಅಣುವಿನ ಮೂಲಕ. ತಂದೆತಾಯಿಗಳ ಲಕ್ಷಣಗಳನ್ನು ಮಕ್ಕಳಿಗೆ ಒಯ್ಯುವ ಡಿ.ಎನ್.ಎ. ಎಂಬ ಎಳೆಯ ಬೆನ್ನುಹುರಿಯಲ್ಲಿಯೂ ರಂಜಕವಿದೆ. ಮನುಷ್ಯನಿಗೆ ಹೇಗೋ ಹುಲ್ಲಿಗೂ ಹಾಗೆಯೇ.

ಮೊಳಕೆಯೊಡೆದ ಕಾಳಿಗೆ ಮೊದಲ ಒಂದೆರಡು ವಾರ ಬೀಜದಲ್ಲಿ ತಾಯಿಗಿಡವು ಕೂಡಿಟ್ಟ ರಂಜಕವೇ ಬುತ್ತಿ. ಬುತ್ತಿ ಮುಗಿದ ಮೇಲೆ ಮಣ್ಣಿನಿಂದ ದೊರೆಯದಿದ್ದರೆ ಬೇರು ಇಳಿಯದು, ರಾಗಿಯು ತೆಂಡೆ ಒಡೆಯದು, ಪೈರು ಕುಳ್ಳಾಗಿ ನಿಲ್ಲುವುದು. ಸಾರಜನಕವು ಸಾಲದಿದ್ದರೆ ಎಲೆ ಹಳದಿಯಾಗಿ ಹೊಲವು ತಾನೇ ಕೂಗಿ ಹೇಳುತ್ತದೆ. ರಂಜಕದ ಕೊರತೆಯಾದರೋ ಮೋಸಗಾರ. ಎಲೆ ಇನ್ನಷ್ಟು ಕಡುಹಸುರಾಗಿಯೇ ಕಾಣುತ್ತದೆ. ಮುಸುಕಿನ ಜೋಳದಂತಹ ಕೆಲವು ಬೆಳೆಗಳಲ್ಲಿ ಎಳೆಯ ಗಿಡದ ಕೆಳಗಣ ಎಲೆಗಳಿಗೆ ನೇರಿಳೆಯ ಛಾಯೆ ಬರುವುದೊಂದೇ ಗುರುತು. ಆ ಗುರುತು ಕಾಣುವ ಹೊತ್ತಿಗೆ ಬಹುಭಾಗ ನಷ್ಟವು ಆಗಿಹೋಗಿರುತ್ತದೆ. ಆದುದರಿಂದಲೇ ಸಾರಜನಕವನ್ನು ಎರಡು ಮೂರು ಕಂತುಗಳಲ್ಲಿ ಕೊಡಬಹುದು, ರಂಜಕವನ್ನು ಬಿತ್ತನೆಯ ದಿನವೇ ಕೊಡಬೇಕು ಎಂದು ಬೇಸಾಯ ಶಾಸ್ತ್ರಜ್ಞರು ಹೇಳುತ್ತಾರೆ.

ಇವೆರಡು ಸತ್ತ್ವಗಳಿಗೆ ಇನ್ನೊಂದು ದೊಡ್ಡ ಭೇದವುಂಟು. ಸಾರಜನಕವು ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ತುಂಬಿಕೊಂಡಿದೆ. ಅವರೆ ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹಿಡಿದು ಕೊಡುತ್ತವೆ. ಕಾರ್ಖಾನೆಯಲ್ಲಿ ಯೂರಿಯವಾಗಿಯೂ ಮಾಡಬಹುದು. ರಂಜಕವು ಗಾಳಿಯಲ್ಲಿಲ್ಲ. ಅದನ್ನು ಯಾವ ಬೆಳೆಯೂ ಹುಟ್ಟಿಸಲಾರದು, ಯಾವ ಕಾರ್ಖಾನೆಯೂ ಹುಟ್ಟಿಸಲಾರದು. ಒಂದೆಡೆಯಿಂದ ತೆಗೆದು ಇನ್ನೊಂದೆಡೆಗೆ ಹಾಕಬಹುದು, ಅಷ್ಟೆ. ಬೆಳೆಯು ಹೀರಿದ ರಂಜಕದಲ್ಲಿ ಅರ್ಧಕ್ಕೆ ಮಿಕ್ಕ ಭಾಗವು ಕಾಳಿಗೆ ಹೋಗಿ ಸೇರುತ್ತದೆ, ಕಾಳು ಸಂತೆಗೆ ಹೋಗುತ್ತದೆ, ಸಂತೆಯಿಂದ ಪಟ್ಟಣಕ್ಕೆ. ಹುಲ್ಲನ್ನು ದನಕ್ಕೆ ಹಾಕಿ ಕೊಟ್ಟಿಗೆಯ ಗೊಬ್ಬರವನ್ನು ಹೊಲಕ್ಕೆ ಚೆಲ್ಲಿದರೆ ಹುಲ್ಲಿನ ಪಾಲು ಮರಳೀತು. ಕಾಳಿನ ಪಾಲು ಮರಳದು.

ಈ ನಷ್ಟವನ್ನು ತುಂಬುವುದಕ್ಕೆ ಯೂರೋಪಿನವರು ಮೊದಲು ಆಶ್ರಯಿಸಿದುದು ಎಲುಬನ್ನು. ಎಲುಬಿನ ಪುಡಿಯು ಕೆಲವು ನೆಲಗಳಲ್ಲಿ ಫಲವನ್ನು ಕೊಟ್ಟಿತು, ಕೆಲವು ನೆಲಗಳಲ್ಲಿ ವರ್ಷಗಟ್ಟಲೆ ಹಾಗೆಯೇ ಬಿದ್ದಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಜಮೀನ್ದಾರನಾಗಿದ್ದ ಜಾನ್ ಬೆನೆಟ್ ಲಾಸ್ ಎಂಬಾತನು ಇದರ ಕಾರಣವನ್ನು ವಿಚಾರಿಸಿ, ನೀರಿನಲ್ಲಿ ಕರಗದ ವಸ್ತುವನ್ನು ಗಂಧಕಾಮ್ಲದಿಂದ ಸಂಸ್ಕರಿಸಿದರೆ ಕರಗುವಂತಾಗುವುದೆಂದು ಕಂಡು, ೧೮೪೨ರಲ್ಲಿ ಸೂಪರ್‌ಫಾಸ್ಫೇಟಿಗೆ ಹಕ್ಕುಪತ್ರವನ್ನು ಪಡೆದನು. ಮರುವರ್ಷವೇ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞನನ್ನು ಜೊತೆಗೆ ಸೇರಿಸಿಕೊಂಡು ಅವನು ತನ್ನ ಹೊಲದಲ್ಲಿ ಆರಂಭಿಸಿದ ಪ್ರಯೋಗಗಳು ಇಂದಿಗೂ ನಡೆಯುತ್ತಿವೆ. ನಮ್ಮ ದೇಶದಲ್ಲಿ ಸೂಪರ್‌ಫಾಸ್ಫೇಟಿನ ತಯಾರಿಕೆ ೧೯೦೬ರಲ್ಲಿ, ಮದರಾಸಿಗೆ ಸಮೀಪದ ರಾಣಿಪೇಟೆಯಲ್ಲಿ ಮೊದಲಾಯಿತು. ಅದಕ್ಕೆ ಮುಂಚೆಯೂ ಅನಂತರವೂ ಬಹುಕಾಲ ನಮ್ಮ ದನಗಳ ಎಲುಬು ಹಡಗೇರಿ ಪರದೇಶಗಳಿಗೆ ಹೋಗುತ್ತಿತ್ತು. ಎಲುಬನ್ನು ಮುಟ್ಟುವುದಕ್ಕೆ ನಮ್ಮ ಒಕ್ಕಲಿಗರಿಗಿದ್ದ ಹೇಸಿಕೆಯೂ ಇದಕ್ಕೆ ಒಂದು ಕಾರಣ. ಹೇಸಿಕೆಯು ನಮ್ಮದು, ಲಾಭವು ಅನ್ಯರದು.

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ತಡಮಾಡಲಿಲ್ಲವೆಂಬುದು ಸಂತೋಷದ ಸಂಗತಿ. ೧೮೯೯ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಗಳಾಗಿದ್ದಾಗ, ಬೆಂಗಳೂರಿನ ಹೆಬ್ಬಾಳದಲ್ಲಿ ೩೦ ಎಕರೆ ನೆಲವು ಬೇಸಾಯದ ಪ್ರಯೋಗಕ್ಕೆಂದು ದೊರಕಿತು. ಡಾಕ್ಟರ್ ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ನಮ್ಮ ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಶೋಧಿಸತೊಡಗಿದರು. ಇಂಗ್ಲೆಂಡಿನ ನೆಲಕ್ಕೆ ಹೊಂದಿದ ಲೆಕ್ಕ ಇಲ್ಲಿಯ ನೆಲಕ್ಕೆ ಹೊಂದದು ಎಂಬ ವಿವೇಕವೇ ಅಂತಹ ಕ್ಷೇತ್ರಗಳ ಬುನಾದಿ. ರಂಜಕದ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ.

ಹೇಗೆಂದರೆ, ನಮ್ಮ ಕೆಂಪುಮಣ್ಣಿನ ಬಣ್ಣವೇ ಕಬ್ಬಿಣದ ತುಕ್ಕಿನದು. ಕಬ್ಬಿಣ, ಅಲ್ಯೂಮಿನಿಯಂ ಇವುಗಳ ಆಕ್ಸೈಡುಗಳು ಅದರಲ್ಲಿ ಹೇರಳವಾಗಿವೆ. ಚೀಲದಲ್ಲಿದ್ದಾಗ ನೀರಿನಲ್ಲಿ ಕರಗುತ್ತಿದ್ದ ರಂಜಕವು ಇಂತಹ ಮಣ್ಣನ್ನು ಸೇರಿದ ಕೆಲವು ದಿನಗಳಲ್ಲೇ ಈ ಆಕ್ಸೈಡುಗಳಿಗೆ ಅಂಟಿಕೊಂಡು ಪುನಃ ಕರಗದ ರೂಪವನ್ನು ಹೊಂದುತ್ತದೆ. ಮಣ್ಣು ಹುಳಿಯಾದಷ್ಟೂ ಈ ಅಂಟು ಬಿಗಿ. ಬಯಲುಸೀಮೆಯ ಎರೆಭೂಮಿಯಲ್ಲಿ ಕಬ್ಬಿಣಕ್ಕೆ ಬದಲಾಗಿ ಸುಣ್ಣವು ಅದೇ ಕೆಲಸವನ್ನು ಮಾಡುತ್ತದೆ. ಹಾಕಿದ ರಂಜಕದಲ್ಲಿ ಆ ವರ್ಷದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ ೧೦ರಿಂದ ೨೫ ಪಾಲು ಮಾತ್ರ. ಒಂದು ಹೆಕ್ಟೇರಿನ ಮೇಲ್ಮಣ್ಣಿನಲ್ಲಿ ನೂರಾರು ಕಿಲೋ ರಂಜಕವಿದ್ದರೂ ಯಾವುದೇ ಗಳಿಗೆಯಲ್ಲಿ ಮಣ್ಣಿನ ತೇವದಲ್ಲಿ ಕರಗಿ ಬೇರಿಗೆ ಒದಗುವಂತಿರುವುದು ಒಂದು ಕಿಲೋವಿಗೂ ಕಡಿಮೆ. ಉಗ್ರಾಣ ತುಂಬಿದೆ, ಬಾಗಿಲು ಮಾತ್ರ ಕಿರಿದು.

ಈ ರಂಜಕಕ್ಕೆ ನಡಿಗೆಯೂ ಇಲ್ಲ. ಸಾರಜನಕದ ಲವಣಗಳು ನೀರಿನೊಡನೆ ಹರಿದು ಬೇರಿರುವಲ್ಲಿಗೆ ಬರುತ್ತವೆ. ಕೆಲವು ವೇಳೆ ಬೇರನ್ನು ದಾಟಿ ಪಾತಾಳಕ್ಕೂ ಇಳಿಯುತ್ತವೆ. ರಂಜಕವು ಬೆಳೆಯ ಆಯುಷ್ಯವೆಲ್ಲ ಕಳೆದರೂ ಇದ್ದ ಕಡೆಯಿಂದ ಕೆಲವು ಮಿಲಿಮೀಟರುಗಳಿಗಿಂತ ಹೆಚ್ಚಾಗಿ ಸರಿಯದು. ಆದುದರಿಂದ ಬೇರೇ ಅದರ ಬಳಿಗೆ ಹೋಗಬೇಕು. ಬೇರಿನ ರೋಮಗಳು ಹೋಗುವುದು ಸುಮಾರು ಒಂದು ಮಿಲಿಮೀಟರಿನಷ್ಟು ದೂರ. ಇಲ್ಲಿ ಪ್ರಕೃತಿಯು ಒಂದು ಒಪ್ಪಂದವನ್ನು ಏರ್ಪಡಿಸಿದೆ. ಮೈಕೊರೈಜ ಎಂಬ ಶಿಲೀಂಧ್ರಗಳು ಬೇರಿನೊಳಗೆ ಮನೆಮಾಡಿಕೊಂಡು, ಗಿಡದಿಂದ ಸಕ್ಕರೆಯನ್ನು ಪಡೆದು, ತಮ್ಮ ನವುರಾದ ಎಳೆಗಳನ್ನು ಬೇರು ತಲಪಲಾರದ ಸಂದುಗಳಿಗೆಲ್ಲ ಚಾಚಿ ರಂಜಕವನ್ನು ತಂದೊಪ್ಪಿಸುತ್ತವೆ. ವಿಶೇಷವೇನೆಂದರೆ, ಗೊಬ್ಬರದ ರಂಜಕವನ್ನು ಅತಿಯಾಗಿ ಸುರಿದ ಹೊಲದಲ್ಲಿ ಈ ಒಪ್ಪಂದ ಸಡಿಲವಾಗುತ್ತದೆ. ಮನೆಬಾಗಿಲಿಗೇ ಸಾಮಾನು ಬಂದು ಬೀಳುತ್ತಿರಲು ಆಳಿಗೆ ಸಂಬಳ ಕೊಡುವವರು ಯಾರು?

ಹೀಗಿರುವುದರಿಂದ ರಂಜಕವನ್ನು ಎಷ್ಟು ಹಾಕಬೇಕೆಂಬುದಕ್ಕಿಂತ ಎಲ್ಲಿ ಹಾಕಬೇಕೆಂಬುದೇ ಮುಖ್ಯ. ಹೊಲದ ಮೇಲೆಲ್ಲ ಎರಚಿದ ಗೊಬ್ಬರವು ಮಣ್ಣಿನ ಪ್ರತಿಯೊಂದು ಕಣವನ್ನೂ ಮುಟ್ಟಿ ಬೇಗನೆ ಸೆರೆಯಾಗುತ್ತದೆ. ಎರಚಿದುದರಲ್ಲಿ ಬಹುಪಾಲು ಮೇಲೆಯೇ ಉಳಿದು ಮೊದಲ ಬಿರುಮಳೆಗೆ ಮಣ್ಣಿನೊಡನೆ ಕೊಚ್ಚಿಹೋಗುವುದೂ ಉಂಟು. ಅದೇ ಗೊಬ್ಬರವನ್ನು ಕೂರಿಗೆಯ ಸಾಲಿನಲ್ಲಿ, ಬೀಜಕ್ಕೆ ಎರಡು ಅಂಗುಲ ಪಕ್ಕದಲ್ಲಿ, ಅಷ್ಟೇ ಕೆಳಗೆ ಬೀಳುವಂತೆ ಮಾಡಿದರೆ ಎಳೆಯ ಬೇರು ಹೊರಟ ಕೂಡಲೇ ಅದರ ಮೇಲೆ ಹಾಯುತ್ತದೆ. ಬೀಜಕ್ಕೇ ತಗುಲಿದರೆ ಮೊಳಕೆಯು ಬೆಂದೀತು. ಈ ಎಚ್ಚರ ಬೇಕು. ಕೊಟ್ಟಿಗೆಯ ಗೊಬ್ಬರವನ್ನೂ ಜೊತೆಗೂಡಿಸುವುದು ಇನ್ನೂ ಉತ್ತಮ. ಕೊಳೆಯುವ ಸಸ್ಯಪದಾರ್ಥದಿಂದ ಹೊರಡುವ ಆಮ್ಲಗಳು ಕಬ್ಬಿಣದ ಹಿಡಿತಕ್ಕೆ ಅಡ್ಡಬಂದು ರಂಜಕವನ್ನು ಅಷ್ಟು ಕಾಲ ಬಿಡುವಾಗಿ ಇರಿಸುತ್ತವೆ.

ಚೀಲದ ಮೇಲಿನ ಅಂಕಿಯ ಅರ್ಥವನ್ನೂ ಹೇಳಬೇಕು. ಡಿ.ಎ.ಪಿ. ಚೀಲದ ಮೇಲೆ ೧೮-೪೬-೦ ಎಂದಿರುವುದಷ್ಟೆ. ಆ ೪೬ ಎಂಬುದು ರಂಜಕವಲ್ಲ, ರಂಜಕದ ಪೆಂಟಾಕ್ಸೈಡು. ಹಳೆಯ ರಸಾಯನಶಾಸ್ತ್ರಜ್ಞರ ಲೆಕ್ಕದ ಪದ್ಧತಿ ಹಾಗೆಯೇ ಉಳಿದುಕೊಂಡು ಬಂದಿದೆ. ಅದರಲ್ಲಿ ನಿಜವಾದ ರಂಜಕವು ನೂರಕ್ಕೆ ೪೪ರಷ್ಟು ಮಾತ್ರ. ಮಳೆಯಾಧಾರದ ರಾಗಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಕ್ಟೇರಿಗೆ ೪೦ ಕಿಲೋ ಪೆಂಟಾಕ್ಸೈಡನ್ನು ಹೇಳುತ್ತದೆ. ಎಂದರೆ ಎಕರೆಗೆ ೧೬ ಕಿಲೋ. ೫೦ ಕಿಲೋ ತೂಗುವ ಸೂಪರ್‌ಫಾಸ್ಫೇಟಿನ ಎರಡು ಚೀಲಗಳಿಂದ, ಇಲ್ಲವೆ ೩೫ ಕಿಲೋ ಡಿ.ಎ.ಪಿ.ಯಿಂದ ಇದು ದೊರೆಯುತ್ತದೆ. ಹೊರೆ ಕಡಿಮೆಯೆಂದು ಎಲ್ಲರೂ ಎರಡನೆಯದನ್ನೇ ಬಯಸುತ್ತಾರೆ. ಆದರೆ ಸೂಪರಿನ ಎರಡು ಚೀಲಗಳಲ್ಲಿ ರಂಜಕದೊಡನೆ ೧೧ ಕಿಲೋ ಗಂಧಕವೂ ಸುಣ್ಣವೂ ಬರುತ್ತವೆ, ಡಿ.ಎ.ಪಿ.ಯಲ್ಲಿ ಗಂಧಕವಿಲ್ಲ. ೨೦೦೯ರಲ್ಲಿ ಮೊದಲಾದ ಭೂಚೇತನ ಕಾರ್ಯಕ್ರಮದಲ್ಲಿ ಕರ್ನಾಟಕದ ಜಿಲ್ಲೆಗಳ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನುಗಳ ಕೊರತೆ ವ್ಯಾಪಕವಾಗಿ ಕಂಡುಬಂದಿತು. ಕಡಲೆಕಾಯಿ, ಸಾಸಿವೆಗಳಂತಹ ಎಣ್ಣೆಕಾಳುಗಳಿಗೆ ಗಂಧಕವು ಎಷ್ಟು ಅವಶ್ಯಕವೆಂಬುದನ್ನು ಬಲ್ಲವರು ಸೂಪರನ್ನು ಅಗ್ಗದ ಸರಕೆಂದು ತಾತ್ಸಾರಮಾಡಲಾರರು.

ಮೇಲಿನ ೧೬ ಕಿಲೋವಿನಲ್ಲಿ ಶುದ್ಧ ರಂಜಕವು ೭ ಕಿಲೋ. ಎಕರೆಗೆ ಹತ್ತು ಕ್ವಿಂಟಲ್ ರಾಗಿ ಬಂದಿತೆಂದುಕೊಳ್ಳೋಣ. ಆ ಕಾಳಿನೊಡನೆ ಹೊರಟುಹೋಗುವ ರಂಜಕವು ೨ರಿಂದ ೩ ಕಿಲೋ. ಉಳಿದುದು ಎಲ್ಲಿ? ಹುಲ್ಲಿನಲ್ಲಿ ಸ್ವಲ್ಪ, ಮಣ್ಣಿನಲ್ಲಿ ಬಹಳ. ಮಣ್ಣಿನಲ್ಲಿ ಸೆರೆಯಾದುದು ಎಂದೆಂದಿಗೂ ಹೋಯಿತೆಂದು ಹಿಂದೆ ಎಣಿಸಿದ್ದರು. ಈ ಎಣಿಕೆಯು ತಪ್ಪೆಂದು ತೋರಿಸಿದುದು ರಾಥಮ್‌ಸ್ಟೆಡ್ಡಿನ ಒಂದು ಹೊಲ. ಅಲ್ಲಿ ಕೆಲವು ತುಂಡುಗಳಿಗೆ ೧೮೫೬ರಿಂದ ೧೯೦೧ರವರೆಗೆ ರಂಜಕವನ್ನು ಕೊಟ್ಟು ಅನಂತರ ನಿಲ್ಲಿಸಿದರು. ಅದಾಗಿ ಅನೇಕ ದಶಕಗಳ ಮೇಲೂ, ಎಂದೂ ರಂಜಕವನ್ನು ಕಾಣದ ಪಕ್ಕದ ತುಂಡಿಗಿಂತ ಆ ತುಂಡುಗಳಲ್ಲಿ ಹೆಚ್ಚು ಬೆಳೆ ಬರುತ್ತಿತ್ತು. ಮಣ್ಣು ಕದ್ದದ್ದಲ್ಲ, ಠೇವಣಿ ಇಟ್ಟುಕೊಂಡದ್ದು. ಬಡ್ಡಿ ಮಾತ್ರ ಬಹಳ ನಿಧಾನ.

ಇದರ ಫಲಿತಾರ್ಥವು ನಮ್ಮ ರೈತನ ಜೇಬಿಗೆ ನೇರವಾಗಿ ಸಂಬಂಧಿಸಿದುದು. ಇಪ್ಪತ್ತು ಮೂವತ್ತು ವರ್ಷ ಎಡೆಬಿಡದೆ ಡಿ.ಎ.ಪಿ. ಹಾಕಿದ ನೀರಾವರಿ ಜಮೀನು, ತರಕಾರಿಯ ತೋಟ, ದ್ರಾಕ್ಷಿಯ ತೋಟ ಇವುಗಳಲ್ಲಿ ಅನೇಕ ಕಡೆ ಠೇವಣಿ ಸಾಕಷ್ಟು ಬೆಳೆದಿದೆ. ಮತ್ತೊಂದೆಡೆ, ಏನನ್ನೂ ಕಾಣದ ಬಡವನ ಕೆಬ್ಬೆಹೊಲಗಳು ಇನ್ನೂ ಹಸಿದೇ ಇವೆ. ಇಬ್ಬರಿಗೂ ಒಂದೇ ಪ್ರಮಾಣವನ್ನು ಹೇಳುವುದು ಒಂದೇ ಅಳತೆಯ ಅಂಗಿಯನ್ನು ಊರಿಗೆಲ್ಲ ಹೊಲಿಸಿದಂತೆ. ಮಣ್ಣಿನ ಪರೀಕ್ಷೆಯಲ್ಲಿ ಬೆಳೆಗೆ ಒದಗತಕ್ಕ ಪೆಂಟಾಕ್ಸೈಡು ಹೆಕ್ಟೇರಿಗೆ ಸುಮಾರು ೨೩ ಕಿಲೋವಿಗೆ ಕಡಿಮೆಯಿದ್ದರೆ ಬಡತನವೆಂದೂ, ೫೬ ಕಿಲೋವಿಗೆ ಮೇಲಾದರೆ ಸಮೃದ್ಧಿಯೆಂದೂ ಎಣಿಕೆ. ಸಮೃದ್ಧಿಯಿರುವ ಹೊಲಕ್ಕೆ ಮತ್ತೆ ಸುರಿದರೆ ಹಣ ಹೋಗುವುದು ಮಾತ್ರವಲ್ಲ. ರಂಜಕವು ಅತಿಯಾದಲ್ಲಿ ಗಿಡಕ್ಕೆ ಸತು ಸಾಲದೆ ಹೋಗುತ್ತದೆ. ಆಗ ಸೊರಗಿದ ಎಲೆಯನ್ನು ಕಂಡ ರೈತನು ಇನ್ನೊಂದು ಚೀಲಕ್ಕೆ ಸಾಲ ಮಾಡುತ್ತಾನೆ. ೨೦೧೫ರಲ್ಲಿ ಕೇಂದ್ರ ಸರ್ಕಾರವು ಮಣ್ಣಿನ ಆರೋಗ್ಯದ ಚೀಟಿಗಳನ್ನು ಹಂಚುವ ಯೋಜನೆಯನ್ನು ಹೂಡಿತು. ಚೀಟಿ ಪೆಟ್ಟಿಗೆಯಲ್ಲಿದ್ದರೆ ಸಾಲದು. ಅಂಗಡಿಗೆ ಹೋಗುವಾಗ ಕೈಯಲ್ಲಿರಬೇಕು.

ಎಲ್ಲ ನೆಲಗಳಿಗೂ ಒಂದೇ ಬಗೆಯ ಗೊಬ್ಬರವೂ ಬೇಕಿಲ್ಲ. ಕೊಡಗು, ಚಿಕ್ಕಮಗಳೂರು ಸೀಮೆಯ ಹುಳಿಮಣ್ಣಿನ ಕಾಫಿ ತೋಟಗಳಲ್ಲಿ, ಆಮ್ಲದ ಸಂಸ್ಕಾರವಿಲ್ಲದ ಶಿಲಾರಂಜಕದ ಪುಡಿಯನ್ನೇ ಹಾಕಿದರೆ ಮಣ್ಣಿನ ಹುಳಿಯೇ ಅದನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ; ಕಾರ್ಖಾನೆಯ ಕೆಲಸವನ್ನು ನೆಲವೇ ಮಾಡಿಕೊಳ್ಳುತ್ತದೆ. ಎರೆಭೂಮಿಯಲ್ಲಿ ಅದೇ ಪುಡಿ ಕಲ್ಲಾಗಿಯೇ ಉಳಿಯುವುದು. ಇನ್ನು ಭತ್ತದ ಗದ್ದೆಯ ರೀತಿ ಬೇರೆ. ನೀರು ನಿಂತು ಗಾಳಿ ಇಲ್ಲವಾದಾಗ ಕಬ್ಬಿಣವು ತನ್ನ ರೂಪವನ್ನು ಬದಲಿಸಿ ಹಿಡಿದಿದ್ದ ರಂಜಕವನ್ನು ತಾನೇ ಬಿಟ್ಟುಕೊಡುತ್ತದೆ. ರಾಗಿಹೊಲಕ್ಕೆ ಬೇಕಾದ ಕಡೆಯಲ್ಲಿ ಗದ್ದೆಗೆ ಕೆಲವು ಸಲ ಬೇಡವಾಗುವುದು ಈ ಕಾರಣದಿಂದ.

ಈಗ ಗಣಿಯ ಮಾತು. ಎಲುಬಿನ ಕಾಲ ಮುಗಿದು ಬಹುಕಾಲವಾಯಿತು. ಇಂದಿನ ಗೊಬ್ಬರವೆಲ್ಲ ಭೂಮಿಯಿಂದ ಅಗೆದ ಕಲ್ಲಿನಿಂದ ಆಗತಕ್ಕದ್ದು. ಲೋಕದಲ್ಲಿ ತಿಳಿದಿರುವ ಈ ಕಲ್ಲಿನ ಸಂಗ್ರಹದಲ್ಲಿ ಮುಕ್ಕಾಲಿಗೆ ಸಮೀಪದ ಪಾಲು ಮೊರಾಕೊ ಮತ್ತು ಅದರ ಅಧೀನದಲ್ಲಿರುವ ಪಶ್ಚಿಮ ಸಹಾರಾದಲ್ಲಿದೆ. ಪೆಸಿಫಿಕ್ ಸಾಗರದ ನೌರು ಎಂಬ ಪುಟ್ಟ ದ್ವೀಪವು ಇದೇ ಕಲ್ಲಿಗಾಗಿ ಅಗೆಸಿಕೊಂಡು ನಡುಭಾಗವೆಲ್ಲ ಬರಿಯ ಕಲ್ಲುಮೊನೆಗಳ ಬಂಜರಾಗಿ ಉಳಿದಿದೆ. ನಮ್ಮ ದೇಶದಲ್ಲಿ ಉದಯಪುರದ ಬಳಿಯ ಝಾಮರ್‌ಕೋಟ್ರಾದಲ್ಲಿ ೧೯೬೮ರಲ್ಲಿ ಒಳ್ಳೆಯ ನಿಕ್ಷೇಪ ಸಿಕ್ಕಿತಾದರೂ ನಮ್ಮ ಅಗತ್ಯಕ್ಕೆ ಅದು ಸಾಲದು. ಕಲ್ಲನ್ನೋ, ರಂಜಕಾಮ್ಲವನ್ನೋ, ಸಿದ್ಧವಾದ ಡಿ.ಎ.ಪಿ.ಯನ್ನೋ ಹೊರಗಿನಿಂದ ತರಿಸುತ್ತಲೇ ಇದ್ದೇವೆ. ೨೦೦೮ರಲ್ಲಿ ಈ ಕಲ್ಲಿನ ಬೆಲೆ ಹಲವು ಪಟ್ಟು ಏರಿತು. ೨೦೨೧ರಲ್ಲಿ ಚೀನವು ರಫ್ತಿಗೆ ಕಡಿವಾಣ ಹಾಕಿತು. ಎರಡು ಸಲವೂ ಅದರ ಬಿಸಿ ನಮ್ಮ ಬೊಕ್ಕಸಕ್ಕೂ ಬಿತ್ತನೆಯ ಹೊತ್ತಿನಲ್ಲಿ ನಮ್ಮ ರೈತನಿಗೂ ತಟ್ಟಿತು.

ಇಷ್ಟು ದೂರದಿಂದ, ಇಷ್ಟು ಬೆಲೆ ಕೊಟ್ಟು ತಂದ ವಸ್ತುವನ್ನು ಪಟ್ಟಣವು ಏನು ಮಾಡುತ್ತಿದೆ? ವಯಸ್ಕನಾದವನು ಉಂಡಷ್ಟು ರಂಜಕವನ್ನೇ ದಿನವೂ ವಿಸರ್ಜಿಸುತ್ತಾನೆ. ಕಡಿಮೆಯೆಂದರೂ ಆಳಿಗೆ ದಿನಕ್ಕೆ ಒಂದು ಗ್ರಾಂ ಎಂದು ಹಿಡಿಯೋಣ. ಒಂದು ಕೋಟಿಗೆ ಮೀರಿದ ಜನಸಂಖ್ಯೆಯ ಬೆಂಗಳೂರಿನಲ್ಲಿ ಇದು ವರ್ಷಕ್ಕೆ ೩,೬೫೦ ಟನ್ನಿಗೆ ಕಡಿಮೆಯಾಗದು. ಗೊಬ್ಬರದ ಲೆಕ್ಕಕ್ಕೆ ತಿರುಗಿಸಿದರೆ ೮,೦೦೦ ಟನ್ನಿಗೆ ಮಿಕ್ಕ ಪೆಂಟಾಕ್ಸೈಡು. ಎಕರೆಗೆ ೧೬ ಕಿಲೋವಿನಂತೆ ಐದು ಲಕ್ಷ ಎಕರೆ ರಾಗಿಗೆ ಸಾಕಾಗುವಷ್ಟು. ಬಟ್ಟೆ ಪಾತ್ರೆ ತೊಳೆಯುವ ಪುಡಿಗಳ ರಂಜಕವನ್ನು ಇದರಲ್ಲಿ ಸೇರಿಸಿಲ್ಲ. ಇದೆಲ್ಲ ಚರಂಡಿಯಲ್ಲಿ ಹರಿದು, ಬಹುಭಾಗ ಕೆರೆಗಳನ್ನೂ ಹೊಳೆಗಳನ್ನೂ ಸೇರುತ್ತದೆ. ಹೊಲದಲ್ಲಿ ಬೆಳೆಯನ್ನು ಬೆಳೆಸುವ ವಸ್ತುವು ಕೆರೆಯಲ್ಲಿ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತದೆ. ಅವು ಸತ್ತು ಕೊಳೆತಾಗ ನೀರಿನ ಆಮ್ಲಜನಕ ತೀರಿ ಮೀನುಗಳು ತೇಲುತ್ತವೆ. ಬೆಳ್ಳಂದೂರು, ವರ್ತೂರು ಕೆರೆಗಳ ಸ್ಥಿತಿಯನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ದಾರಿಯನ್ನು ತಿರುಗಿಸುವ ವಿದ್ಯೆಯು ನಮಗೆ ಅಪರಿಚಿತವಲ್ಲ. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಕೆಲವು ತಿಂಗಳಲ್ಲಿ ದುರ್ಗಂಧವಿಲ್ಲದ ಗೊಬ್ಬರವನ್ನಾಗಿ ಮಾಡುವ ಕ್ರಮಕ್ಕೆ ಲೋಕದ ಗ್ರಂಥಗಳಲ್ಲಿ ‘ಬೆಂಗಳೂರು ವಿಧಾನ’ವೆಂದೇ ಹೆಸರು. ಸಿ. ಎನ್. ಆಚಾರ್ಯರು ೧೯೩೯ರಲ್ಲಿ ಇದನ್ನು ಬಳಕೆಗೆ ತಂದರು. ಒಳಚರಂಡಿಯು ಬಂದ ಮೇಲೆ ಮಲವು ನೀರಿನಲ್ಲಿ ಬೆರೆತುಹೋಗಿ, ಆ ಕ್ರಮವನ್ನು ಹಾಗೆಯೇ ನಡೆಸುವುದು ಕಷ್ಟವಾಯಿತು. ಆದರೆ ಕೊಳಚೆನೀರನ್ನು ಶುದ್ಧಿಮಾಡುವ ಸ್ಥಾವರದಲ್ಲಿ ಮೆಗ್ನೀಸಿಯಮ್ಮಿನ ಲವಣವನ್ನು ಸೇರಿಸಿ ರಂಜಕವನ್ನು ಹರಳುಗಳಾಗಿ ಇಳಿಸಬಹುದು. ಜರ್ಮನಿಯು ದೊಡ್ಡ ಊರುಗಳ ಕೊಳಚೆಯಿಂದ ರಂಜಕವನ್ನು ಮರಳಿ ಪಡೆಯುವುದನ್ನು ೨೦೨೯ರಿಂದ ಕಡ್ಡಾಯಮಾಡುವಂತೆ ೨೦೧೭ರಲ್ಲಿಯೇ ಕಾನೂನು ಮಾಡಿತು. ಬ್ರಾಂಡನು ಮೂತ್ರದಲ್ಲಿ ಬಂಗಾರವನ್ನು ಹುಡುಕಿದ ಅದೇ ಹ್ಯಾಂಬರ್ಗಿನಲ್ಲಿ, ಕೊಳಚೆಯ ಗಸಿಯನ್ನು ಸುಟ್ಟ ಬೂದಿಯಿಂದ ರಂಜಕಾಮ್ಲವನ್ನು ತೆಗೆಯುವ ಸ್ಥಾವರವನ್ನು ಕಟ್ಟಿದ್ದಾರೆ. ಅವನ ಊಹೆ ಪೂರ್ತಿ ಹುಸಿಯಾಗಲಿಲ್ಲವೆಂದೇ ಹೇಳಬೇಕು.

ನಮ್ಮಲ್ಲಿಯೂ ಒಂದು ದಾರಿ ತಾನಾಗಿ ತೆರೆದಿದೆ. ೨೦೧೮ರಿಂದ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ, ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಏರಿಸುತ್ತಿದ್ದಾರೆ. ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಿದೆ; ಕೊಳವೆಬಾವಿಗಳು ತುಂಬಿದುವೆಂದು ಸಂತೋಷಪಡುವವರೂ ಉಂಟು, ನೀರಿನ ಶುದ್ಧತೆ ಸಾಲದೆಂದು ಅಂಜುವವರೂ ಉಂಟು. ನೀರಿನೊಡನೆ ಬಂದ ರಂಜಕದಲ್ಲಿ ಒಂದು ಪಾಲು ಆ ಕೆರೆಗಳ ಗೋಡಿನಲ್ಲಿ ತಂಗುವುದು ಸಹಜ. ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು ಕೋಲಾರದ ಒಕ್ಕಲಿಗರಿಗೆ ತಾತಮುತ್ತಾತಂದಿರ ಕಾಲದಿಂದ ಬಂದ ವಾಡಿಕೆ. ಆದರೆ ಇದು ಹಿಂದಿನ ಗೋಡಲ್ಲ. ಕಾರ್ಖಾನೆಗಳಿರುವ ಪಟ್ಟಣದ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳಂತಹ ಲೋಹಗಳೂ ಬರಬಹುದು. ಅವೂ ರಂಜಕದಂತೆಯೇ ಮಣ್ಣಿಗೆ ಅಂಟಿ ನಿಲ್ಲತಕ್ಕವು, ಒಂದು ಸಲ ಹೊಲವನ್ನು ಸೇರಿದರೆ ತೆಗೆಯಲು ಬಾರದವು. ಆದುದರಿಂದ ಯಾವ ಕೆರೆಯ ಗೋಡನ್ನು ಎತ್ತಬಹುದು, ಯಾವುದನ್ನು ಕೂಡದು ಎಂಬುದನ್ನು ಪ್ರತಿ ಕೆರೆಯ ಮಣ್ಣನ್ನು ಪರೀಕ್ಷಿಸಿ ಊರಿನವರಿಗೆ ಮುಂಗಾರಿಗೆ ಮೊದಲೇ ತಿಳಿಸಬೇಕು. ಗಾಡಿಗಳು ಕೆರೆಯಂಗಳಕ್ಕೆ ಇಳಿಯುವುದು ಆಗಲೇ.